ಕಮ್ಮಿ ರೇಟಿಗೆ ಕಸ್ಟಮ್ ಚಾಕು ಬೇಕಾ? ಮೊದ್ಲು ಚೌಕಾಸಿ ನಿಲ್ಸಿ

1/6

ಫೋಟೋದಲ್ಲಿರೋದು ನನ್ನ ಬಲಗೈ ತೋರುಬೆರಳು. ಮೂರು ಹೊಲಿಗೆ. ಪಕ್ಕದಲ್ಲಿರೋದು ಅದಕ್ಕೆ ಕಾರಣವಾದ ಚಾಕು. ಇದೇ ಆ್ಯಪಲ್ಲಿ ನೋಡಿ, ಡಿಎಂ ಹಾಕಿ, ₹2,200 ಯುಪಿಐ ಮಾಡಿ ತರಿಸ್ಕೊಂಡಿದ್ದು. ಪೂರ್ತಿ ಕೈಯಲ್ಲೇ ಮಾಡಿದ ಡಮಾಸ್ಕಸ್ ಫೋಲ್ಡಿಂಗ್ ಚಾಕು, ನಿಮ್ಮ ಹೆಸರು ಫ್ರೀಯಾಗಿ ಕೆತ್ತಿಕೊಡ್ತೀವಿ ಅಂತ ಹಾಕಿದ್ರು. ಹೆಸರು ಚೆನ್ನಾಗೇ ಕೆತ್ತಿದ್ರು, ಅದನ್ನ ಒಪ್ಕೋಬೇಕು. ಮಿಕ್ಕಿದ್ದೆಲ್ಲ ಸುಳ್ಳು. ಮಾವಿನಕಾಯಿ ಕೊಯ್ತಿದ್ದೆ, ಬ್ಲೇಡ್ ವಾಟೆಗೆ ಸಿಕ್ಕಿಕೊಂಡಿತು, ಅಲ್ಲಾಡಿಸಿ ಎಳೆದೆ. ಲಾಕ್ ಜಾರಿ ಬ್ಲೇಡ್ ನನ್ನ ಬೆರಳ ಮೇಲೇ ಮಡಚ್ಕೊಂತು. ಅಮ್ಮ ಬೈದಿದ್ದು ಬೇರೆ ಕಥೆ.

ಇಷ್ಟಾದ್ರೂ ಕ್ಲಾಸಲ್ಲಿ ಮತ್ತೆ ಅದೇ ಪ್ರಶ್ನೆ. "ಗುರು, ಕಮ್ಮಿ ರೇಟಲ್ಲಿ ಹ್ಯಾಂಡ್‌ಮೇಡ್ ಕಸ್ಟಮ್ ಫೋಲ್ಡರ್ ಎಲ್ಲಿ ಸಿಗತ್ತೆ?"

ಸಿಗತ್ತೆ. ಮುಂಬೈ ದೆಲ್ಲಿಯಿಂದ ಕೊರಿಯರ್ ಬೇಕಾಗಿಲ್ಲ, ನಮ್ಮ ಯಲಹಂಕ-ಯಶವಂತಪುರ ಸುತ್ತಲೇ ಆಗತ್ತೆ. ಎಲ್ಲಿ, ಹೇಗೆ ಅಂತ ಕೊನೇ ಪೋಸ್ಟಲ್ಲಿ ಹೇಳ್ತೀನಿ. ಅದಕ್ಕೂ ಮುಂಚೆ ನಿಮ್ಮ ಜೊತೆ, ನನ್ನ ಜೊತೇನೂ, ಒಂದು ಜಗಳ ಇದೆ.

2/6

ಮಡಚೋ ಚಾಕು ದುಬಾರಿ ಆಗೋದು ಬ್ಲೇಡಿಂದ ಅಂತ ಎಲ್ರೂ ಅಂದ್ಕೊಂಡಿದೀವಿ. ಅಲ್ಲ. ಕೀಲಿಂದ.

ನನ್ನ ಬೆರಳು ಕೊಯ್ದ ಚಾಕುವಿನಲ್ಲಿ ಇದ್ದಿದ್ದು ಲೈನರ್ ಲಾಕ್. ಹಿಡಿ ಒಳಗೆ ಒಂದು ತೆಳು ತಗಡು ಸ್ಪ್ರಿಂಗ್ ಥರ ಕೂತಿರತ್ತೆ. ಬ್ಲೇಡ್ ಪೂರ್ತಿ ತೆರೆದಾಗ ಆ ತಗಡು ಪಕ್ಕಕ್ಕೆ ಜರುಗಿ ಬ್ಲೇಡಿನ ಬುಡಕ್ಕೆ ಒತ್ತು ಕೊಟ್ಟು ನಿಲ್ಲತ್ತೆ. ಅಮೆರಿಕದ ಮೈಕೆಲ್ ವಾಕರ್ 1980ರ ದಶಕದಲ್ಲಿ ಇದನ್ನ ಈಗಿನ ರೂಪಕ್ಕೆ ತಂದವರು. ನೋಡಕ್ಕೆ ಸುಲಭ, ಮಾಡೋದು ತಲೆನೋವು. ಬ್ಲೇಡಿನ ಬುಡವನ್ನ ಕೆಲವೇ ಡಿಗ್ರಿ ಓರೆಯಾಗಿ ಉಜ್ಜಬೇಕು. ಓರೆ ಜಾಸ್ತಿಯಾದ್ರೆ ತಗಡು ಜಾರತ್ತೆ, ಕಮ್ಮಿಯಾದ್ರೆ ಕಚ್ಚಿಕೊಂಡು ಬಿಡಲ್ಲ. ಕೀಲಿನ ತೂತು ಕೂದಲೆಳೆಯಷ್ಟು ಸಡಿಲ ಇದ್ರೂ ಬ್ಲೇಡ್ ಲೊಡಲೊಡ ಅನ್ನತ್ತೆ. ಒಬ್ಬ ಮನುಷ್ಯ ಅರ ಹಿಡಿದು ಉಜ್ಜಿ, ಜೋಡಿಸಿ, ನೋಡಿ, ಬಿಚ್ಚಿ, ಮತ್ತೆ ಉಜ್ಜಿ ಕೂರಿಸಬೇಕು. ಇದು ದಿನಗಳ ಕೆಲಸ, ಗಂಟೆಗಳದ್ದಲ್ಲ.

ಈಗ ನನ್ನ ₹2,200 ತಗೊಳ್ಳಿ. ಕೊರಿಯರ್ ಕಳೀರಿ, ಜಾಹೀರಾತಿನ ಖರ್ಚು ಕಳೀರಿ, ನಡುವಿನವನ ಲಾಭ ಕಳೀರಿ, ಸಾಮಾನು ಕಳೀರಿ. ಉಳಿದಿದ್ದರಲ್ಲಿ ಎಷ್ಟು ದಿನದ ಕೂಲಿ ಬರತ್ತೆ? ಒಂದೋ ಅದು ಕೈಯಲ್ಲಿ ಮಾಡಿದ್ದಲ್ಲ, ಇಲ್ಲಾ ಮಾಡಿದ ಕೈಗೆ ಕೂಲಿ ಸಿಕ್ಕಿಲ್ಲ. ಮೂರನೇ ಸಾಧ್ಯತೆ ನನಗಂತೂ ಕಾಣ್ತಿಲ್ಲ.

3/6

ಇನ್ನು ಡಮಾಸ್ಕಸ್.

ಮೂರನೇ ಫೋಟೋ ಝೂಮ್ ಮಾಡಿ. ಮರಳು ಕಾಗದದಲ್ಲಿ ಎರಡು ನಿಮಿಷ ಉಜ್ಜಿದ್ದಕ್ಕೆ ಆ ಅಲೆ ಅಲೆ ಡಿಸೈನ್ ಅಳಿಸೇ ಹೋಯ್ತು. ಎರಡು ಥರದ ಉಕ್ಕನ್ನ ಪದರ ಪದರ ಬೆಸೆದು ಬಡಿದಿದ್ರೆ ಹೀಗಾಗಲ್ಲ. ಉಜ್ಜಿದಾಗ ಮಸುಕಾದ್ರೂ, ಎಲೆಕ್ಟ್ರಾನಿಕ್ಸ್ ಲ್ಯಾಬಲ್ಲಿ ಪಿಸಿಬಿ ಮಾಡಕ್ಕೆ ಬಳಸ್ತೀವಲ್ಲ ಫೆರಿಕ್ ಕ್ಲೋರೈಡ್, ಅದರಲ್ಲಿ ಅದ್ದಿದ್ರೆ ವಾಪಸ್ ಎದ್ದು ಬರತ್ತೆ. ನಂದು ಬರ್ಲಿಲ್ಲ. ಮೇಲೆ ಲೇಸರಲ್ಲಿ ಬರೆದ ಬಣ್ಣ ಅಷ್ಟೆ.

ಹೊಟ್ಟೆ ಉರಿಯೋದು ಯಾಕೆ ಗೊತ್ತಾ? ಹಳೇ ಡಮಾಸ್ಕಸ್ ಕತ್ತಿಗಳಿಗೆ ಉಕ್ಕು ಹೋಗ್ತಿದ್ದುದು ದಕ್ಷಿಣ ಭಾರತದ ಕಡೆಯಿಂದ. ಯೂರೋಪಿನವರು ಅದನ್ನ ವೂಟ್ಸ್ ಅಂದ್ರು. ಆ ಪದದ ಮೂಲ ನಮ್ಮ "ಉಕ್ಕು" ಅನ್ನೋದು ತುಂಬಾ ಜನ ವಿದ್ವಾಂಸರ ಅಭಿಪ್ರಾಯ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆ ಸುತ್ತಕ್ಕೆ ಹೊರಟ. ಮಾಗಡಿ ಸುತ್ತ ಕಬ್ಬಿಣ, ಉಕ್ಕು ಮಾಡೋದನ್ನ, ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯೋದನ್ನ ಕೂತು ಬರೆದಿಟ್ಟ. ನಮ್ಮ ಫಿಸಿಕ್ಸ್ ಪುಸ್ತಕದ ಮೈಕೆಲ್ ಫ್ಯಾರಡೆ 1820ರ ಆಸುಪಾಸು ಲಂಡನ್ನಲ್ಲಿ ಇದೇ ವೂಟ್ಸ್ ಇಟ್ಕೊಂಡು ಪ್ರಯೋಗ ಮಾಡ್ತಿದ್ದ. ಮಾಗಡಿ ರೋಡಲ್ಲಿ ದಿನಾ ಟ್ರಾಫಿಕ್ಕಲ್ಲಿ ನಿಲ್ಲೋ ನಾವು ಲೇಸರ್ ಡಿಸೈನಿಗೆ ದುಡ್ಡು ಕೊಟ್ಟು "ಡಮಾಸ್ಕಸ್ ಬ್ರೋ" ಅಂತ ಸ್ಟೋರಿ ಹಾಕ್ತೀವಿ. ನಾನೇ ಹಾಕಿದ್ದೆ. ಹೈಲೈಟ್ಸಲ್ಲಿ ಇನ್ನೂ ಇದೆ, ಡಿಲೀಟ್ ಮಾಡಲ್ಲ, ಇರ್ಲಿ.

4/6

ಈಗ ನಿಜವಾದ ಜಗಳ.

ಹೊಲಿಗೆ ಬಿಚ್ಚಿದ ಮೇಲೆ ನಾವು ಮೂರು ಜನ ದೊಡ್ಡಬಳ್ಳಾಪುರ ರೋಡ್ ಕಡೆ ಒಂದು ಕುಲುಮೆಗೆ ಹೋದ್ವಿ. ಹೆಸರು, ಜಾಗ ಹಾಕಲ್ಲ, ಅವರೇ ಬೇಡ ಅಂದ್ರು. ಅರವತ್ತು ದಾಟಿದ ಮನುಷ್ಯ. ತಿದಿ ಜಾಗದಲ್ಲಿ ಈಗ ಕರೆಂಟಿನ ಬ್ಲೋವರ್, ಮಿಕ್ಕಿದ್ದೆಲ್ಲ ಹಳೇದೇ. ಮೂಲೆಯಲ್ಲಿ ಲಾರಿ ಸ್ಪ್ರಿಂಗ್ ಪಟ್ಟಿಗಳ ರಾಶಿ. ಮಗ ಡೆಲಿವರಿ ಗಾಡಿ ಓಡಿಸ್ತಾನಂತೆ, ಕುಲುಮೆ ಕಡೆ ಬರಲ್ಲ.

ಮಡಚೋ ಚಾಕು ಅಂದ ತಕ್ಷಣ ಅವರು ಕೇಳಿದ ಮೊದಲ ಪ್ರಶ್ನೆ, "ಏನು ಕೊಯ್ಯಕ್ಕೆ?" ಆನ್‌ಲೈನಲ್ಲಿ ಯಾವನೂ ನನ್ನ ಇದನ್ನ ಕೇಳಿರಲಿಲ್ಲ. ಹಣ್ಣು, ಹಗ್ಗ, ರಟ್ಟಿನ ಡಬ್ಬ ಅಂದೆ. ನನ್ನ ಕೈ ಇಸ್ಕೊಂಡು ಅಂಗೈ ಅಗಲ ನೋಡಿದ್ರು, ಒಂದು ಕಡ್ಡಿ ಮುರಿದು ಅಳತೆ ಇಟ್ಕೊಂಡ್ರು. ಕಸ್ಟಮ್ ಅಂದ್ರೆ ಇದು. ಹೆಸರು ಕೆತ್ತೋದಲ್ಲ. ಲಾಕ್ ಬೇಡ, ಕೈಯಲ್ಲಿ ಆಗಲ್ಲ, ಸುಮ್ನೆ ಬಿಗಿ ಕೀಲು ಹಾಕ್ತೀನಿ ಅಂದ್ರು. ರೇಟು ₹900.

ನನ್ನ ಫ್ರೆಂಡ್ ಬಾಯಿಂದ ಬಂದ ಮಾತು, "₹400 ಕೊಡ್ತೀವಿ ಅಂಕಲ್."

ಅವರು ಜಗಳ ಆಡ್ಲಿಲ್ಲ. ಕಡ್ಡಿ ಒಲೆಗೆ ಹಾಕಿ, ಪಟ್ಟಿ ವಾಪಸ್ ರಾಶಿಗೆ ಎಸೆದು, ಕುಡುಗೋಲಿಗೆ ಕಕ್ಕು ಹಾಕೋ ಕೆಲಸಕ್ಕೆ ಕೂತ್ರು. ವಾಪಸ್ ಬರ್ತಾ ಹೆಬ್ಬಾಳದಲ್ಲಿ ತಲೆಗೆ ₹280ರ ಕೋಲ್ಡ್ ಕಾಫಿ ಕುಡಿದ್ವಿ. ಅಲ್ಲಿ ಯಾರೂ "₹120 ಮಾಡ್ಕೊಳಿ ಅಂಕಲ್" ಅನ್ಲಿಲ್ಲ. ನಾನೂ ಅನ್ಲಿಲ್ಲ. ಕುಲುಮೆ ಮುಂದೆ ಫ್ರೆಂಡ್ ಬಾಯಿ ಮುಚ್ಚಿಸಲೂ ಇಲ್ಲ.

ಮುಖ ಕಾಣದವನಿಗೆ ₹2,200 ಕಣ್ಣು ಮುಚ್ಕೊಂಡು ಹಾಕಿದವನು ನಾನು. ಎದುರಿಗೆ ಕೂತು ನನ್ನ ಕೈ ಅಳತೆ ತಗೊಂಡವರ ಹತ್ರ ₹500 ಉಳಿಸಕ್ಕೆ ನೋಡಿದ್ವಿ. ಪ್ಯಾಕಿಂಗ್, ಲೋಗೋ, ಹಿಂದೆ ಒಂದು ಇಂಗ್ಲಿಷ್ ಹಾಡು ಇದ್ರೆ ಅದು ಬ್ರ್ಯಾಂಡು, ಬೆಲೆ ಫಿಕ್ಸು. ಮಸಿ, ಬೆವರು, ಕನ್ನಡ ಇದ್ರೆ ಚೌಕಾಸಿ. 2023ರ ಸೆಪ್ಟೆಂಬರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆನೂ ಇದೆ, ಉಪಕರಣಕ್ಕೆ ₹15,000 ವರೆಗೆ ಕೊಡ್ತಾರೆ. ಒಳ್ಳೇದೇ. ಆದ್ರೆ ಹೊಸ ಸುತ್ತಿಗೆ ಹಿಡ್ಕೊಂಡು ಕೂತವರ ಮುಂದೆ ಬಂದು ಅರ್ಧ ರೇಟು ಕೇಳೋರು ನಾವೇ ತಾನೆ?

ಮುಂದಿನ ವಾರ ಒಬ್ಬನೇ ಹೋದೆ. ₹900 ಮೊದಲೇ ಇಟ್ಟೆ. ಅವರು ಹಳೇದೇನೂ ಎತ್ತಲಿಲ್ಲ, ಇನ್ನೊಂದು ಕಡ್ಡಿ ಮುರಿದ್ರು.

5/6

ಇಲ್ಲಿ ಒಂದು ಗುಂಪು ಕಾಯ್ತಾ ಇರತ್ತೆ, "ಬ್ರೋ ಬಟನ್ ಒತ್ತಿದ್ರೆ ಟಕ್ ಅಂತ ಓಪನ್ ಆಗೋದು ಸಿಗತ್ತಾ?" ಅಂತ. ನಿಮಗೆ ಚಾಕು ಬೇಡ, ರೀಲ್ಸ್ ಬೇಕು. 2025ರ ಮಾರ್ಚಲ್ಲಿ ನಮ್ಮ ಬೆಂಗಳೂರಲ್ಲೇ ಟಿವಿ ರಿಯಾಲಿಟಿ ಶೋದ ಇಬ್ಬರು ಮಚ್ಚು ಹಿಡಿದ ರೀಲ್ಸಿಗೆ ಅರೆಸ್ಟ್ ಆಗಿದ್ದು ನೆನಪಿದೆ ತಾನೆ?

ಕಾನೂನು ಇಷ್ಟು: ಆರ್ಮ್ಸ್ ರೂಲ್ಸ್ 2016ರ ಪಟ್ಟಿ ಪ್ರಕಾರ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಬ್ಲೇಡು ಆಯುಧ. ಮನೆ, ಹೊಲ, ಕಾರ್ಖಾನೆ ಕೆಲಸಕ್ಕೆ ಅಂತ ಮಾಡಿದ್ದು ಅದರಿಂದ ಹೊರಗೆ. ಮೂರು ಇಂಚಿನ ಹಣ್ಣಿನ ಚಾಕುಗೆ ಇದ್ಯಾವ ತಲೆಬಿಸಿನೂ ಇಲ್ಲ. ಹಾಗಂತ ಕಾಲೇಜಿಗೆ ತರಬೇಡಿ, ಯಶವಂತಪುರ ಮೆಟ್ರೋ ಸ್ಕ್ಯಾನರ್ ಮುಂದೆ ನಿಂತು ರೂಲ್ಸ್ ಪಾಠ ಮಾಡಬೇಡಿ. ಮನೇಲಿರ್ಲಿ, ಟ್ರೆಕ್ಕಿಂಗ್ ಬ್ಯಾಗಲ್ಲಿರ್ಲಿ.

ಶೋಕಿ ಮಾಡೋನು ಒಬ್ಬ, ಏಟು ತಿನ್ನೋನು ಕಮ್ಮಾರ. ಉತ್ತರ ಪ್ರದೇಶದ ರಾಂಪುರ ನೋಡಿ. ಮಡಚೋ ಚಾಕುಗೇ ಹೆಸರಾದ ಊರು. ಹಿಂದಿ ಸಿನಿಮಾ ಆ ಚಾಕುವನ್ನ ವಿಲನ್ ಕೈಗೆ ಕೊಟ್ಟಿತು, ಆಮೇಲೆ ನಿರ್ಬಂಧ ಬಂತು, ಕಸುಬು ಸೊರಗಿತು. ಈಗ ಅಲ್ಲಿ ಚೌಕದಲ್ಲಿ ಆಳೆತ್ತರ ಮೀರಿದ ಚಾಕುವಿನ ಪ್ರತಿಮೆ ನಿಲ್ಲಿಸಿದಾರೆ. ಜಪಾನಿನ ಮಿಕಿ ಅನ್ನೋ ಊರಲ್ಲಿ ಹಿಗೊನೊಕಾಮಿ ಅಂತ ಒಂದು ಚಾಕು, 1890ರ ದಶಕದ್ದು. ಮಡಚಿದ ತಗಡಿನ ಹಿಡಿ, ಒಂದು ಬ್ಲೇಡು, ಒಂದು ರಿವೆಟ್. ಸ್ಕೂಲ್ ಮಕ್ಕಳು ಪೆನ್ಸಿಲ್ ಕೆತ್ತಕ್ಕೆ ಇಟ್ಕೋತಿದ್ರು. 1960ರ ಸುಮಾರಿಗೆ ಮಕ್ಕಳ ಕೈಗೆ ಚಾಕು ಬೇಡ ಅನ್ನೋ ಅಭಿಯಾನ ಎದ್ದು, ಎಷ್ಟೋ ಜನ ಮಾಡೋದು ಬಿಟ್ರು. ಆ ಹೆಸರಲ್ಲಿ ಮಾಡೋ ಹಕ್ಕಿರೋ ಮನೆ ಈಗ ಒಂದೇ.

ನಮ್ಮ ಕುಲುಮೆಯವರು ಜಾಗದ ಹೆಸರು ಹಾಕಬೇಡ ಅಂದಿದ್ದು ಇದಕ್ಕೇ. "ಹುಡುಗರು ಬಂದು ಲಾಂಗ್ ಕೇಳ್ತಾರೆ, ಆಮೇಲೆ ಪೊಲೀಸ್ ಬರ್ತಾರೆ."

6/6

ಸರಿ, ಹೇಗೆ ಮಾಡಿಸೋದು. ಸೇವ್ ಮಾಡ್ಕೊಳಿ.

ಕೇಳಬೇಕಾದ್ದು ಫ್ರಿಕ್ಷನ್ ಫೋಲ್ಡರ್. ಲಾಕ್ ಇಲ್ಲ, ಸ್ಪ್ರಿಂಗ್ ಇಲ್ಲ. ಬ್ಲೇಡಿನ ಹಿಂದೆ ಒಂದು ಬಾಲ ಇರತ್ತೆ, ತೆರೆದಾಗ ಅದು ಹಿಡಿ ಮೇಲೆ ಬಂದು ಕೂರತ್ತೆ. ನೀವು ಹಿಡ್ಕೊಂಡಿರೋವರೆಗೂ ನಿಮ್ಮ ಅಂಗೈಯೇ ಲಾಕ್. ಕೆಡಕ್ಕೆ ಏನೂ ಇಲ್ಲ, ಸಡಿಲ ಆದ್ರೆ ರಿವೆಟ್ ಮೇಲೆ ಎರಡು ಏಟು. ಕೈಯಲ್ಲಿ ಮಾಡಿ ಕಮ್ಮಿ ರೇಟಿಗೆ, ಯಾರ ಹೊಟ್ಟೆ ಮೇಲೂ ಹೊಡೀದೆ ಕೊಡಬಹುದಾದ ಮಡಚೋ ಚಾಕು ಅಂದ್ರೆ ನನಗೆ ತಿಳಿದ ಹಾಗೆ ಇದೊಂದೇ.

ಲಾರಿ ಸ್ಪ್ರಿಂಗ್ ಪಟ್ಟಿ ಸಾಕು. ಹದ ಹಾಕೋದನ್ನ ಹತ್ರ ನಿಂತು ನೋಡಿ, ಬಿಡ್ತಾರೆ. ಕೆಂಪಗೆ ಕಾಸಿ ಎಣ್ಣೆಗೆ ಅದ್ದಿದ ಮೇಲೆ ಬ್ಲೇಡ್ ಗಾಜಿನ ಥರ, ಬಿದ್ರೆ ಒಡೆಯತ್ತೆ. ಅದನ್ನ ಮತ್ತೆ ಮೆಲ್ಲಗೆ ಕಾಸಿದಾಗ ಒಣಹುಲ್ಲಿನ ಬಣ್ಣ ಏರತ್ತೆ, ಅಲ್ಲಿಗೆ ನಿಲ್ಲಿಸಬೇಕು. ನೀಲಿಗೆ ಹೋದ್ರೆ ಮೆತ್ತಗಾಯ್ತು ಅಂತ ಲೆಕ್ಕ. ಥರ್ಮಾಮೀಟರ್ ಇಲ್ಲ, ಅವರ ಕಣ್ಣೇ. ಮನೆಗೆ ಬಂದು ಅಂಚಿನ ಮೇಲೆ ಹೊಸ ಅರ ಆಡಿಸಿ, ಕಚ್ಚದೆ ಜಾರಿದ್ರೆ ಹದ ಕೂತಿದೆ.

ಇನ್ನೂ ಗಟ್ಟಿ ಬೇಕು ಅನ್ನೋರಿಗೆ ಪೀಣ್ಯ ಇದೆ. ಬೇರಿಂಗ್ ಮಾಡೋ ಇಎನ್ 31 ಉಕ್ಕಿನ ತುಂಡು, ಲೇಸರ್ ಕಟಿಂಗ್, ಹೀಟ್ ಟ್ರೀಟ್‌ಮೆಂಟ್ ಎಲ್ಲ ಅಕ್ಕಪಕ್ಕದ ಗಲ್ಲಿಗಳಲ್ಲೇ. ಒಂದೇ ಬ್ಲೇಡ್ ತಗೊಂಡು ಹೋದ್ರೆ ಮಿನಿಮಮ್ ಚಾರ್ಜು ಉರಿಯತ್ತೆ, ಹತ್ತು ಜನ ಸೇರಿ ಹತ್ತು ಬ್ಲೇಡ್ ಒಟ್ಟಿಗೆ ಕೊಡಿ. ಕೀಲು, ಹಿಡಿ ಕೆಲಸಕ್ಕೆ ಮತ್ತೆ ಕುಲುಮೆಗೇ ಬನ್ನಿ.

ಕೊನೇ ಫೋಟೋ ನನ್ನ ₹900ರ ಚಾಕು. ಮಡಚಿದಾಗ ಬ್ಲೇಡ್ ಸ್ವಲ್ಪ ಎಡಕ್ಕೆ ವಾಲತ್ತೆ, ಹಿಡಿಯ ಒಂದು ಮೂಲೆ ಒರಟು, ಮರಳು ಕಾಗದ ನಾನೇ ಹಾಕ್ದೆ. ಹಣ್ಣು ಕೊಯ್ದು ಒರೆಸದೆ ಇಟ್ರೆ ತುಕ್ಕು ಹಿಡಿಯತ್ತೆ. ನಾಲ್ಕು ತಿಂಗಳಾಯ್ತು, ಒಂದು ಸಲ ಸಾಣೆ ಹಿಡ್ಸಿದೀನಿ.

₹400 ಅಂದ ಫ್ರೆಂಡ್ ಈಗ ತನಗೂ ಒಂದು ಬೇಕು ಅಂತಿದಾನೆ. ಶನಿವಾರ ಬೆಳಿಗ್ಗೆ ಹೋಗ್ತಿದೀವಿ, ಬೈಕಲ್ಲಿ ಇನ್ನಿಬ್ಬರಿಗೆ ಜಾಗ ಇದೆ. ಕ್ಯಾಶ್ ತನ್ನಿ, ಅವರ ಹತ್ರ ಸ್ಕ್ಯಾನರ್ ಇಲ್ಲ. ಭಾನುವಾರಕ್ಕೆ ಹಾಕೋಣ ಅನ್ನಬೇಡಿ, ಅವತ್ತು ಅಮಾವಾಸ್ಯೆ, ಕುಲುಮೆ ಹಚ್ಚಲ್ಲ.

#ಕುಲುಮೆ #ಉಕ್ಕು #ಯಲಹಂಕ #ಚೌಕಾಸಿಬೇಡ