ಸೀಲ್ ಬದಲಿಸಿದ ಮಾತ್ರಕ್ಕೆ ಸೋರಿಕೆ ನಿಲ್ಲದು

ಮಳೆ ಹಿಂದೆ ಸರಿದು ಕೊಡಚಾದ್ರಿ, ಮಾಂದಲಪಟ್ಟಿಯ ಕಡೆ ಜೀಪುಗಳು ಮತ್ತೆ ಸಾಲುಗಟ್ಟುವ ಹೊತ್ತಿಗೆ ಮಲೆನಾಡಿನ ಗ್ಯಾರೇಜುಗಳಲ್ಲಿ ಒಂದು ದೂರು ಖಾಯಂ: ಹಿಂದಿನ ಆ್ಯಕ್ಸಲ್ ಹೌಸಿಂಗಿನಿಂದ ಆಯಿಲ್ ತೊಟ್ಟಿಕ್ಕುತ್ತಿದೆ. ಸಿಗುವ ಉತ್ತರ ಎರಡೇ ಬಗೆ. ‘ಇಷ್ಟಕ್ಕೇನೂ ಆಗಲ್ಲ, ಟಾಪಪ್ ಮಾಡ್ಕೊಂಡು ಓಡ್ಸಿ’ ಎನ್ನುವುದು ಒಂದು. ಹೊಸ ಸೀಲ್ ಹೊಡೆದು ಸಂಜೆಗೆ ಗಾಡಿ ಕಳಿಸುವುದು ಇನ್ನೊಂದು. ಮೊದಲನೆಯದು ಸೋಮಾರಿತನ. ಎರಡನೆಯದು ಅರ್ಧ ರಿಪೇರಿ, ಅದಕ್ಕೆ ಪೂರ್ತಿ ಬಿಲ್ಲು.

ಸೀಲ್ ಎಂದರೆ ಕಬ್ಬಿಣದ ಬಳೆ, ಅದಕ್ಕೆ ಅಂಟಿಸಿದ ರಬ್ಬರ್ ತುಟಿ, ತುಟಿಯನ್ನು ಶಾಫ್ಟಿಗೆ ಒತ್ತಿಹಿಡಿಯುವ ಸಣ್ಣ ಸ್ಪ್ರಿಂಗ್. ಪ್ರೊಪೆಲ್ಲರ್ ಶಾಫ್ಟ್ ಡಿಫರೆನ್ಷಿಯಲ್‌ಗೆ ಸೇರುವ ಬಾಯಲ್ಲಿ ಪಿನಿಯನ್ ಸೀಲ್ ಇದ್ದರೆ, ಚಕ್ರಗಳ ಕಡೆಯ ತುದಿಗಳಲ್ಲಿ ಆ್ಯಕ್ಸಲ್ ಸೀಲ್ ಇರುತ್ತದೆ. ಅಗ್ಗದ ಸಾಮಾನು. ವಯಸ್ಸಾಗಿ ರಬ್ಬರ್ ಗಟ್ಟಿಯಾಗುವುದೂ ನಿಜ. ಆದರೆ ಕಾಡುದಾರಿಯ ಗಾಡಿಗಳಲ್ಲಿ ಅದನ್ನು ಅಕಾಲದಲ್ಲಿ ಕೆಡಿಸುವ ಕಾರಣ ಬಹಳ ಸಲ ಬೇರೆಲ್ಲೋ ಇರುತ್ತದೆ.

ಮೊದಲು ನೋಡಬೇಕಾದದ್ದು ಬ್ರೀದರ್. ಹೌಸಿಂಗಿನ ನೆತ್ತಿಯ ಮೇಲೆ ಬೆರಳ ತುದಿಯಷ್ಟಿರುವ ಈ ಮೂತಿಯನ್ನು ಎಷ್ಟೋ ಮಾಲೀಕರು ಕಂಡೇ ಇಲ್ಲ. ಏರು ಹತ್ತುವಾಗ ಆಯಿಲ್ ಕಾಯುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ. ಅದು ಹೊರಹೋಗಲು ಇರುವ ದಾರಿ ಇದೊಂದೇ. ಕೆಮ್ಮಣ್ಣಿನ ಕೆಸರು ಅಲ್ಲಿ ಒಣಗಿ ಕೂತರೆ ಒತ್ತಡವೆಲ್ಲ ಸೀಲಿನ ತುಟಿಯ ಮೇಲೆ. ಎಷ್ಟು ಹೊಸ ಸೀಲ್ ಹಾಕಿದರೂ ಆಯಿಲ್ ಹೊರಗೆ ನೂಕುವುದೇ. ಹಳ್ಳಕ್ಕೆ ಇಳಿದಾಗ ಇದೇ ಆಟ ತಿರುಗುಮುರುಗು: ಕಾದ ಹೌಸಿಂಗ್ ತಣ್ಣೀರಿನಲ್ಲಿ ಥಟ್ಟನೆ ಆರಿ, ಒಳಗಿನ ಗಾಳಿ ಕುಗ್ಗಿ, ಸವೆದ ಸೀಲಿನ ಸಂದಿಯಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ಡ್ರೈನ್ ಪ್ಲಗ್ ಬಿಚ್ಚಿದಾಗ ಹಾಲು ಬೆರೆಸಿದ ಕಾಫಿಯಂಥದ್ದು ಸುರಿದರೆ ಬೇರೆ ಸಾಕ್ಷಿ ಬೇಡ. ಬ್ರೀದರಿಗೆ ಒಂದು ಉದ್ದನೆಯ ರಬ್ಬರ್ ಪೈಪ್ ಜೋಡಿಸಿ ಎಂಜಿನ್ನಿನ ಎತ್ತರಕ್ಕೆ ಒಯ್ದು ಕಟ್ಟುವುದು ಇದಕ್ಕೆ ಇರುವ ಹಳೆಯ ಮದ್ದು.

ಇನ್ನೊಂದು ಕಾರಣ ಉಗುರಿಗೆ ಸಿಗುವಂಥದ್ದು. ಹಳೆಯ ಸೀಲ್ ಉಜ್ಜಿ ಉಜ್ಜಿ, ಪ್ರೊಪೆಲ್ಲರ್ ಶಾಫ್ಟನ್ನು ಪಿನಿಯನ್ನಿಗೆ ಜೋಡಿಸುವ ಫ್ಲೇಂಜಿನ ಮೇಲೆ ಗೆರೆ ಬಿದ್ದಿರುತ್ತದೆ. ಉಗುರು ಆಡಿಸಿದರೆ ತಡೆಯುತ್ತದೆ. ಆ ಗೆರೆಯ ಮೇಲೆಯೇ ಹೊಸ ತುಟಿ ಕೂತರೆ ಸೋರಿಕೆಯೂ ಹಾಗೇ ಕೂರುತ್ತದೆ. ತೆಳ್ಳನೆಯ ಸ್ಟೀಲ್ ಸ್ಲೀವ್ ಏರಿಸಬೇಕು, ಇಲ್ಲವೇ ಫ್ಲೇಂಜನ್ನೇ ಬದಲಿಸಬೇಕು. ಬೇರಿಂಗ್‌ನಲ್ಲಿ ಪ್ಲೇ ಬಂದಿದ್ದರಂತೂ ಸೀಲಿನ ಮಾತೇ ಆಮೇಲಿನದು.

ಮತ್ತೆ, ಪಿನಿಯನ್ ಸೀಲ್ ಬದಲಿಸಲು ಬಿಚ್ಚಲೇಬೇಕಾದ ಪಿನಿಯನ್ ನಟ್. ಕೆಲವು ಹೌಸಿಂಗುಗಳಲ್ಲಿ ಬೇರಿಂಗಿನ ಬಿಗಿಯನ್ನು ಶಿಮ್‌ಗಳು ಕಾಯುತ್ತವೆ. ಅಲ್ಲಿ ಕಂಪನಿ ಹೇಳಿದ ಟಾರ್ಕಿಗೆ ನಟ್ ಬಿಗಿದರೆ ಮುಗಿಯಿತು. ಕೆಲವದರಲ್ಲಿ ಒತ್ತಿದಷ್ಟೂ ಕುಸಿಯುವ ಒಂದು ಸ್ಪೇಸರ್ ಇರುತ್ತದೆ, ಕುಸಿದದ್ದು ಮತ್ತೆ ಮೇಲೇಳದು. ಅಲ್ಲಿ ಇಂಪ್ಯಾಕ್ಟ್ ಗನ್ ಹಿಡಿದು ‘ಡರ್ರ್’ ಎನಿಸಿದರೆ ಬೇರಿಂಗ್ ಕಾದು ಸುಡುತ್ತದೆ. ಸಡಿಲ ಬಿಟ್ಟರೆ ಕ್ರೌನ್-ಪಿನಿಯನ್ ಊಳಿಡುತ್ತದೆ. ಬಿಚ್ಚುವ ಮೊದಲೇ ಪಿನಿಯನ್ ತಿರುಗಿಸಲು ಬೇಕಾದ ಬಲ ಅಳೆದಿಟ್ಟುಕೊಂಡು, ನಟ್ಟಿಗೂ ಶಾಫ್ಟಿಗೂ ಗುರುತು ಹಾಕುವ ಮೇಸ್ತ್ರಿ ಸಿಕ್ಕರೆ ಅವನನ್ನು ಬಿಡಬಾರದು.

ಇಷ್ಟೆಲ್ಲ ಕೇಳಿ ‘ನಾಲ್ಕು ಹನಿ ಆಯಿಲ್‌ಗೆ ಇಷ್ಟು ರಾಮಾಯಣವೇ’ ಎನ್ನುವವರು ಚಕ್ರ ಬಿಚ್ಚಿ ನೋಡಲಿ. ಹಿಂಬದಿ ಡ್ರಮ್ ಬ್ರೇಕ್ ಇರುವ ಗಾಡಿಯಲ್ಲಿ ಆ್ಯಕ್ಸಲ್ ಸೀಲ್ ಹೋದರೆ ಗೇರ್ ಆಯಿಲ್ ಡ್ರಮ್ಮಿನೊಳಗೆ ಇಳಿದು ಬ್ರೇಕ್ ಶೂಗಳನ್ನು ತೋಯಿಸುತ್ತದೆ. ಒಂದು ಚಕ್ರ ಹಿಡಿಯುತ್ತದೆ, ಇನ್ನೊಂದು ಜಾರುತ್ತದೆ. 1,343 ಮೀಟರ್ ಎತ್ತರದ ಕೊಡಚಾದ್ರಿಯಿಂದ ಜನ ತುಂಬಿಕೊಂಡು ಕಲ್ಲುದಾರಿಯಲ್ಲಿ ಇಳಿಯುವಾಗ ಅದು ಆಗಬಾರದು. ತೊಯ್ದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು, ಸ್ಯಾಂಡ್‌ಪೇಪರ್ ಉಜ್ಜಿ ಮತ್ತೆ ಕೂರಿಸುವ ಜಾಣತನವೂ ಚಾಲ್ತಿಯಲ್ಲಿದೆ. ಒಳಗೆ ಹೀರಿದ ಎಣ್ಣೆ ಬಿಸಿಯಾದಾಗ ಮತ್ತೆ ಮೇಲೆ ಬರುತ್ತದೆ. ಎರಡೂ ಬದಿಯ ಶೂ ಬದಲಿಸುವುದೇ ಸರಿ.

ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ವರ್ಷಕ್ಕೊಮ್ಮೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಆಗಬೇಕೆಂಬ ನಿಯಮವೇನೋ ಇದೆ. ಎಫ್‌ಸಿಯಾದ ಮರುತಿಂಗಳೇ ಸೀಲ್ ಹೋದರೆ? ಮುಂದಿನ ಎಫ್‌ಸಿವರೆಗೆ ಕೇಳುವವರಿಲ್ಲ. ಹಾಗಾಗಿ ಈ ತಪಾಸಣೆ ಜೀಪ್ ಸ್ಟ್ಯಾಂಡಿನಲ್ಲೇ ನಡೆಯಬೇಕು: ಚಕ್ರದ ಒಳಮೈ ಒದ್ದೆಯೇ, ಬ್ರೀದರ್ ಬಾಯಿ ತೆರೆದಿದೆಯೇ ಎಂದು ಮೊದಲ ಟ್ರಿಪ್ಪಿಗೆ ಮುನ್ನ ಚಾಲಕರ ಸಂಘಗಳೇ ನೋಡಬಹುದು. ಟಾರ್ಚೊಂದು ಸಾಕು. ಗ್ಯಾರೇಜಿನವರು ಕಾರಣ ಹುಡುಕಲು ಕಳೆದ ಅರ್ಧ ಗಂಟೆಗೂ ಮಾಲೀಕರು ಗೊಣಗದೆ ಕೂಲಿ ಕೊಡಬೇಕು. ಬಿಲ್ಲಿನಲ್ಲಿ ಸ್ಪೇರ್ ಪಾರ್ಟಿನ ಹೆಸರಿಲ್ಲದಿದ್ದರೆ ದುಡ್ಡೇ ಕೊಡೆನೆನ್ನುವ ಗಿರಾಕಿಯೇ ಅರ್ಧ ರಿಪೇರಿಗೆ ದಾರಿ ಮಾಡಿಕೊಟ್ಟವನು.

ಮನೆಯಂಗಳದಲ್ಲೇ ಕೈಹಾಕುವವರಿಗೆ ಒಂದು ಮಾತು. ಕೆಳಗಿನ ಡ್ರೈನ್ ಪ್ಲಗ್ ಮುಟ್ಟುವ ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚುತ್ತದೆಯೇ ನೋಡಿಕೊಳ್ಳಿ. ಅದು ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ, ಖಾಲಿ ಹೌಸಿಂಗಿನ ಗಾಡಿಯನ್ನು ಗ್ಯಾರೇಜಿಗೆ ಎಳೆದೊಯ್ಯಬೇಕಾದೀತು.