ಹಿಂದೆ ದಪ್ಪ ಟೈರು, ಮುಂದೆ ಬೋಳು ಟೈರು

ಬೈಕಿನ ಹಿಂದಿನ ಚಕ್ರಕ್ಕೆ ಕಂಪನಿ ಕೊಟ್ಟ ಅಳತೆಗಿಂತ ದಪ್ಪ ಟೈರು ಹಾಕಿಸೋ ಹುಚ್ಚಿನ ಬಗ್ಗೆ ಬರೀಬೇಕು ಅಂತ ಬಹಳ ದಿನದಿಂದ ಅಂದ್ಕೊಂಡಿದ್ದೆ. ನಮ್ಮ ಬಳಗದಲ್ಲೇ ಕೆಲವರು ಹಾಕಿಸಿಕೊಂಡು ಓಡಾಡ್ತಿದ್ದೀರಿ, ಆದ್ದರಿಂದ ಬೈಸಿಕೊಳ್ಳೋಕೆ ತಯಾರಾಗೇ ಬರೀತಿದ್ದೀನಿ :)

ನನ್ನ ವಾದ ಇಷ್ಟೇ. ರಿಮ್ಮು ಹಳೇದೇ ಇಟ್ಟುಕೊಂಡು ಬರೀ ಟೈರು ದಪ್ಪ ಮಾಡೋದು ಅಲಂಕಾರ. ಅಲಂಕಾರ ಅಂತ ಒಪ್ಪಿಕೊಂಡೇ ಮಾಡಿದ್ರೆ ನನ್ನ ತಕರಾರು ಅರ್ಧ ಕಮ್ಮಿ. "ಗ್ರಿಪ್ ಜಾಸ್ತಿ ಬರತ್ತೆ ಸಾರ್, ಸೇಫು" ಅಂತ ಟೈರ್ ಅಂಗಡಿಯಲ್ಲಿ ಹೇಳ್ತಾರಲ್ಲ, ಆ ಮಾತಿಗೆ ಮಾತ್ರ ನನ್ನ ಪೂರ್ತಿ ವಿರೋಧ.

ಈ ಆಸೆ ಎಲ್ಲಿಂದ ಬಂತು ಅಂತ ಎಲ್ಲರಿಗೂ ಗೊತ್ತು. 2008ರಲ್ಲಿ ಯಮಹಾದ ಎಫ್‌ಝಡ್ 16 ಬಂತು, ಹಿಂದೆ 140/60-17 ಟೈರು. 100 ಮಿ.ಮೀ. ಆಸುಪಾಸಿನ ಟೈರು ನೋಡಿ ಅಭ್ಯಾಸವಾಗಿದ್ದ ನಮ್ಮ ಕಣ್ಣಿಗೆ ಅದು ಹಬ್ಬ. 2012ರಲ್ಲಿ ಕೆಟಿಎಂ ಡ್ಯೂಕ್ 200 ಬಂದಾಗ ಅದು 150 ಆಯ್ತು. ಆಮೇಲೆ ಪಲ್ಸರ್, ಸ್ಪ್ಲೆಂಡರ್ ಇದ್ದವರಿಗೂ ಹಿಂದಿನಿಂದ ನೋಡಿದ್ರೆ ತಮ್ಮ ಬೈಕು ಹಾಗೇ ಕಾಣಬೇಕು ಅನ್ನೋ ಆಸೆ. ತಪ್ಪೇನಿಲ್ಲ. ಆದ್ರೆ ಆ ಬೈಕುಗಳಿಗೆ ದಪ್ಪ ಟೈರಿನ ಜೊತೆ ಅಗಲದ ರಿಮ್ಮು, ಅದಕ್ಕೆ ತಕ್ಕ ಸ್ವಿಂಗ್ ಆರ್ಮು, ಅದಕ್ಕೆ ಹೊಂದೋ ಮುಂದಿನ ಟೈರು ಎಲ್ಲಾ ಬಂದಿತ್ತು. ನಾವು ತಂದದ್ದು ಟೈರು ಒಂದೇ.

ಸ್ವಲ್ಪ ಲೆಕ್ಕ ನೋಡೋಣ. ಟೈರಿನ ಮೇಲೆ 100/90-17 ಅಂತಿದ್ರೆ ಅಗಲ 100 ಮಿ.ಮೀ., ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ 90, ರಿಮ್ಮಿನ ವ್ಯಾಸ 17 ಇಂಚು. ಇದರ ಜಾಗಕ್ಕೆ 140/70-17 ಹಾಕಿದ್ರೆ ಒಟ್ಟು ವ್ಯಾಸ 612ರಿಂದ 628 ಮಿ.ಮೀ.ಗೆ ಏರುತ್ತೆ. ಅಂದ್ರೆ ಶೇಕಡಾ ಎರಡೂವರೆಗಿಂತ ಜಾಸ್ತಿ. ಹಿಂದಿನ ಸ್ಪ್ರಾಕೆಟ್ಟಿನ ಹಲ್ಲು ಕಮ್ಮಿ ಮಾಡಿದ ಹಾಗೆ ಇದು. ಟೈರಿನ ತೂಕವೂ ಸೇರಿ ಪಿಕಪ್ ಮಂದ, ಮೈಲೇಜು ಕಮ್ಮಿ. ಇದು ದುಡ್ಡಿನ ನಷ್ಟ, ಸಹಿಸಿಕೊಳ್ಳಬಹುದು.

ಸಹಿಸಬಾರದ್ದು ರಿಮ್ಮಿನ ವಿಷಯ. 140/70-17 ಟೈರು ತಯಾರಾಗೋದು ಸುಮಾರು 4 ಇಂಚು ಅಗಲದ ರಿಮ್ಮಿಗೆ. ಅದನ್ನ ತಂದು ಕಿರಿದಾದ ರಿಮ್ಮಿಗೆ ತುರುಕಿದ್ರೆ ಟೈರಿನ ಎರಡೂ ಬದಿ ಒಳಗೆ ಎಳೆದುಕೊಂಡು, ನಡುಭಾಗ ಉಬ್ಬುತ್ತೆ. ಅಗಲಕ್ಕೆ ಅಂತ ದುಡ್ಡು ಕೊಟ್ರಿ, ರಸ್ತೆಗೆ ತಾಗ್ತಿರೋದು ನಡುವಿನ ಪಟ್ಟಿ ಮಾತ್ರ!

ಗ್ರಿಪ್ ವಿಚಾರಕ್ಕೆ ಬನ್ನಿ. ಟೈರು ನೆಲ ಮುಟ್ಟೋ ಜಾಗ ಎಷ್ಟು ಅನ್ನೋದು ಮುಖ್ಯವಾಗಿ ಮೇಲಿನ ಭಾರ ಮತ್ತು ಒಳಗಿನ ಗಾಳಿಯ ಒತ್ತಡದ ಮೇಲೆ ನಿಂತಿದೆ. ಹಿಂದಿನ ಚಕ್ರದ ಮೇಲೆ 100 ಕೆ.ಜಿ. ಇದ್ದು ಗಾಳಿ 28 ಪಿಎಸ್‌ಐ ಇದ್ರೆ, ಅಂದ್ರೆ ಚದರ ಸೆಂ.ಮೀ.ಗೆ ಸುಮಾರು 2 ಕೆ.ಜಿ., ಆ ಜಾಗ ಹೆಚ್ಚುಕಮ್ಮಿ 50 ಚದರ ಸೆಂ.ಮೀ. ಸಣ್ಣ ಟೈರಿಗೂ ಅಷ್ಟೇ, ದಪ್ಪ ಟೈರಿಗೂ ಹೆಚ್ಚುಕಮ್ಮಿ ಅಷ್ಟೇ. ಬದಲಾಗೋದು ಅದರ ಆಕಾರ. ಉದ್ದ ಕಮ್ಮಿ, ಅಗಲ ಜಾಸ್ತಿ. ಮಳೆಯಲ್ಲಿ ನೀರನ್ನ ಸೀಳಿಕೊಂಡು ಹೋಗೋಕೆ ಉದ್ದವಾದ ಆಕಾರವೇ ಒಳ್ಳೇದು. ಮಲೆನಾಡಿನ ಜುಲೈ ತಿಂಗಳ ರಸ್ತೆ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಾ? ಇನ್ನು ತಿರುವಿನಲ್ಲಿ, ಅದೇ ವೇಗಕ್ಕೆ ದಪ್ಪ ಟೈರಿನ ಬೈಕನ್ನ ಸ್ವಲ್ಪ ಜಾಸ್ತಿಯೇ ವಾಲಿಸಬೇಕು. ಗ್ರಿಪ್ಪು ಜಾಸ್ತಿ ಬೇಕು ಅಂದ್ರೆ ರಬ್ಬರಿನ ಗುಣಮಟ್ಟ, ಹೂವಿನ ಆಳ, ಸರಿಯಾದ ಗಾಳಿ, ಇವನ್ನ ನೋಡಿ.

"ಕಂಪನಿಯವರು ದುಡ್ಡು ಉಳಿಸೋಕೆ ಸಣ್ಣ ಟೈರು ಕೊಡ್ತಾರೆ" ಅನ್ನೋ ವಾದವೂ ಇದೆ. ಪೂರ್ತಿ ಸುಳ್ಳಲ್ಲ. ಬೆಲೆ, ಮೈಲೇಜು ಎರಡನ್ನೂ ಅವರು ಲೆಕ್ಕ ಹಾಕ್ತಾರೆ. ಆದ್ರೆ 2018ರಲ್ಲಿ ಬಜಾಜ್ ಪಲ್ಸರ್ 150ರ ಎರಡು ಡಿಸ್ಕಿನ ಮಾದರಿಗೆ ಹಿಂದೆ 120/80 ಕೊಟ್ಟಾಗ ಮುಂದಿನ ಟೈರನ್ನೂ ಅಗಲ ಮಾಡಿತು, ಮುಂದಿನ ಫೋರ್ಕನ್ನೂ ದಪ್ಪ ಮಾಡಿತು. ತಯಾರಿಸಿದವರೇ ಹಿಂದಿನದನ್ನ ಮಾತ್ರ ಬದಲಿಸಿ ಕೈ ತೊಳೆದುಕೊಳ್ಳಲಿಲ್ಲ. ನಾವ್ಯಾಕೆ ತೊಳೆದುಕೊಳ್ತೀವಿ?

ನನಗೆ ನಿಜವಾಗಿ ಸಿಟ್ಟು ಬರೋದು ಇಲ್ಲಿ. ಜೋರಾಗಿ ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಬಂದು, ಬೈಕು ನಿಲ್ಲಿಸೋ ಕೆಲಸದ ಬಹುಪಾಲು ಮುಂದಿನ ಟೈರೇ ಮಾಡುತ್ತೆ. ನಿಂತಿರೋ ಬೈಕುಗಳ ಸಾಲಲ್ಲಿ ಒಮ್ಮೆ ಬಗ್ಗಿ ನೋಡಿ. ಹಿಂದೆ ಮಿರಮಿರ ಮಿಂಚೋ ದಪ್ಪ ಟೈರು, ಮುಂದೆ ಸವೆದು ಬೋಳಾದ ಟೈರು! ದ್ವಿಚಕ್ರದ ಟೈರಿನ ಹೂವು ಕನಿಷ್ಠ 0.8 ಮಿ.ಮೀ. ಇರಬೇಕು ಅಂತ ಕಾನೂನೇ ಹೇಳುತ್ತೆ. ಅದೂ ಇಲ್ಲದ ಬೈಕಿಗೆ ಸಾವಿರಾರು ರೂಪಾಯಿಯ ಹಿಂದಿನ ಟೈರು ಯಾರನ್ನ ಕಾಪಾಡೋಕೆ? ಹೆಂಡತಿ, ಮಗು ಹಿಂದೆ ಕೂತು ಗುಂಡಿಗೆ ಇಳಿದಾಗ ದಪ್ಪ ಟೈರು ಮಡ್‌ಗಾರ್ಡಿಗೋ ಚೈನಿಗೋ ಉಜ್ಜಿದ್ರೆ ಟೈರಿನ ಗೋಡೆ ಕೊಯ್ದುಹೋಗುತ್ತೆ. ಅಂಗಡಿಯಲ್ಲಿ ಸೆಂಟರ್ ಸ್ಟಾಂಡ್ ಹಾಕಿ ಚಕ್ರ ತಿರುಗಿಸಿ "ನೋಡಿ ಸಾರ್, ಎಲ್ಲೂ ತಾಗಲ್ಲ" ಅಂತ ತೋರಿಸೋರು ಮೇಲೆ ಮೂರು ಜನರನ್ನ ಕೂರಿಸಿ ತೋರಿಸಲ್ಲ.

ಹಾಗಾದ್ರೆ ಏನು ಮಾಡಬೇಕು? ಕಂಪನಿ ಹೇಳಿದ ಅಳತೆಯಲ್ಲೇ ಒಳ್ಳೇ ಟೈರು ಹಾಕಿಸಿ. ಉಳಿದ ದುಡ್ಡಲ್ಲಿ ಮುಂದಿನದನ್ನ ಬದಲಿಸಿ. ವಾರಕ್ಕೊಮ್ಮೆ ಟೈರು ತಣ್ಣಗಿರುವಾಗ ಗಾಳಿ ನೋಡಿ. ಇಷ್ಟಾದ ಮೇಲೂ ದಪ್ಪ ಬೇಕೇ ಬೇಕು ಅಂದ್ರೆ ಒಂದೇ ಒಂದು ಮೆಟ್ಟಿಲು ಏರಿ, ಅದೂ ನಿಮ್ಮ ರಿಮ್ಮಿನ ಅಗಲ ಆ ಟೈರಿಗೆ ಒಪ್ಪುತ್ತಾ ಅಂತ ಟೈರು ತಯಾರಕರ ಪಟ್ಟಿಯಲ್ಲಿ ನೋಡಿಕೊಂಡು.

ಒಪ್ಪದವರು ಬನ್ನಿ, ಜಗಳ ಆಡೋಣ. ಆದ್ರೆ "ಚೆನ್ನಾಗಿ ಕಾಣತ್ತೆ" ಅನ್ನೋದನ್ನ "ಸೇಫು" ಅಂತ ಮಾತ್ರ ಕರೀಬೇಡಿ. ಬರೋಕೆ ಮುಂಚೆ ನಿಮ್ಮ ಮುಂದಿನ ಟೈರನ್ನ ಒಮ್ಮೆ ನೋಡಿಕೊಂಡು ಬನ್ನಿ :)