ತಾಂಡೂರಿನ ತೊಗರಿಯ ಪರವಾಗಿ

ತೆಲಂಗಾಣದ ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿತು. ಗಡಿಯಾಚೆ ಕಲಬುರಗಿಯ ತೊಗರಿಗೆ 2019ರಲ್ಲೇ ಸಿಕ್ಕಿತ್ತು. ಮಾನ್ಯತೆ ಕೊಟ್ಟ ಸರ್ಕಾರವೇ ಬಂದರಿನ ಬಾಗಿಲನ್ನೂ ತೆರೆದಿಟ್ಟಿತು. 2021ರಲ್ಲಿ ತೊಗರಿ ಆಮದಿನ ಮಿತಿ ಹೋಯಿತು. 2023ರ ಡಿಸೆಂಬರ್‌ನಲ್ಲಿ ಕೆನಡಾ, ರಷ್ಯಾಗಳಿಂದ ಬರುವ ಹಳದಿ ಬಟಾಣಿಯ ಸುಂಕವೂ ಹೋಯಿತು. ಮರುವರ್ಷ ಬಂದು ಬಿದ್ದದ್ದು ಸುಮಾರು 30 ಲಕ್ಷ ಟನ್ ಬಟಾಣಿ. ಅದು ಕಡಲೆಹಿಟ್ಟಿಗೆ ಬೆರೆಯುತ್ತದೆ, ಬೇಳೆಯ ಜಾಗಕ್ಕೂ ಬರುತ್ತದೆ. ಕಡಲೆ, ತೊಗರಿ ಎರಡರ ದರವನ್ನೂ ಕೆಳಗೆಳೆಯುತ್ತದೆ. 2025ರ ರಾಶಿಯ ಹೊತ್ತಿಗೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 7,550 ರೂಪಾಯಿ; ಪೇಟೆಯ ದರ ಅದಕ್ಕಿಂತ ಕೆಳಗೆ. ಬಟಾಣಿಗೆ ಶೇ 30ರ ಸುಂಕ ಬಿದ್ದದ್ದು ಆ ವರ್ಷದ ನವೆಂಬರಿನಲ್ಲಿ, ರೈತ ಮಾರಿ ಕೈತೊಳೆದುಕೊಂಡ ಮೇಲೆ.

ಕಾಯ್ದೆಯ ಪ್ರಕಾರ ಇದು ಡಂಪಿಂಗ್, ಅಂದರೆ ಅಗ್ಗದ ಮಾಲು ತಂದು ಸುರಿಯುವುದು, ಅಲ್ಲ ಎನ್ನುವವರಿದ್ದಾರೆ. ಅಡತಿ ಅಂಗಡಿಯ ಮುಂದೆ ಚೀಲ ಇಳಿಸಿ ನಿಂತ ರೈತನಿಗೆ ಅವರು ಆ ಮಾತು ಹೇಳಲಿ.

ಅಗ್ಗದ ಮಾಲು ಏನು ಮಾಡುತ್ತದೆಂದು ನಮಗೆ ಗೊತ್ತಿದೆ. ಈ ಸೀಮೆಯಲ್ಲಿ ಮನೆಮನೆಯ ಒಗ್ಗರಣೆಗೆ ಕುಸುಬೆ ಎಣ್ಣೆ ಇತ್ತು. 1994ರಲ್ಲಿ ಆಮದಿನ ತಾಳೆ ಎಣ್ಣೆಗೆ ದಾರಿ ಬಿಟ್ಟರು. ಕುಸುಬೆಯ ಹೊಲ ಕರಗಿತು, ಗಾಣ ನಿಂತಿತು. ಇಂದು ದೇಶ ತಿನ್ನುವ ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಹೊರಗಿನದು, ದರ ಕಟ್ಟುವವರೂ ಹೊರಗಿನವರು. ತೊಗರಿಯನ್ನೂ ಹಾಗೆಯೇ ಕಳೆದುಕೊಳ್ಳೋಣವೇ?

ನಮಗೆ ತೊಗರಿ ಕಳಿಸುವ ಮೊಜಾಂಬಿಕ್‌ನ ರೈತ ನಮ್ಮ ವೈರಿಯಲ್ಲ. 2017ರಲ್ಲಿ ನಾವು ಏಕಾಏಕಿ ಆಮದಿಗೆ ಮಿತಿ ಹಾಕಿದಾಗ ಅವನ ತೊಗರಿಯ ಬೆಲೆಯೂ ಕುಸಿಯಿತು. ಮನಬಂದಂತೆ ತೆರೆದು ಮುಚ್ಚುವ ನೀತಿ ಇಬ್ಬರನ್ನೂ ಹಾಳು ಮಾಡುತ್ತದೆ.

ಜಹೀರಾಬಾದ್ ಬಳಿಯ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳ ದಲಿತ ಹೆಣ್ಣುಮಕ್ಕಳು ನಾಲ್ಕು ದಶಕಗಳಿಂದ ಜೋಳದ ಜೊತೆ ತೊಗರಿ ಬಿತ್ತಿ, ಬೀಜ ತಾವೇ ಕಾದಿಟ್ಟು, ಬಡ ನೆಲಕ್ಕೆ ಕಸುವು ತುಂಬಿದ್ದಾರೆ. ಅವರ ಬೆವರಿಗೆ ಹಡಗಿನ ಬಟಾಣಿಯ ದರ ಕಟ್ಟುವುದು ಅನ್ಯಾಯ. ಆ ಬೇಳೆ ಉಣ್ಣುವ ನಾವು ಸುಮ್ಮನಿರುವುದು ಇನ್ನೂ ದೊಡ್ಡ ಅನ್ಯಾಯ.

ನಾರಾಯಣಖೇಡದ, ತಾಂಡೂರಿನ, ಜಹೀರಾಬಾದಿನ ಕನ್ನಡ ಬಂಧುಗಳೇ, ಬೀದರ–ಕಲಬುರಗಿಯ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಒಂದೇ ಬೇಡಿಕೆ ಹಿಡಿಯೋಣ: ಆಮದಿನ ಬೇಳೆಕಾಳು ಬೆಂಬಲ ಬೆಲೆಗಿಂತ ಕಡಿಮೆ ದರಕ್ಕೆ ಬಂದರಿನಲ್ಲಿ ಇಳಿಯಬಾರದು. ಸುಂಕ ಅದಕ್ಕೆ ತಕ್ಕಂತೆ ಏರಲಿ, ಬಿತ್ತನೆಗೆ ಮೊದಲೇ ಗೊತ್ತಾಗಲಿ. ಜಹೀರಾಬಾದ್, ಚೇವೆಳ್ಳ, ಬೀದರ, ಕಲಬುರಗಿಯ ಸಂಸದರನ್ನು ಗಡಿ, ಪಕ್ಷ ನೋಡದೆ ಒಟ್ಟಿಗೆ ಕೇಳೋಣ. ಪಟ್ಟಣದವರೇ, ಹೋಟೆಲಿನವರೇ, ನೀವು ಕೊಳ್ಳುವ ಬೇಳೆ ಯಾವ ಊರಿನದೆಂದು ಅಂಗಡಿಯಲ್ಲಿ ಕೇಳಿ. ಇವತ್ತೇ ಕೇಳಿ.